ಮ್ಯಾಂಚೆಸ್ಟರ್‌ನ ಐಪಿಎ ರೆಸಿಪಿ ಬೆಳಗಾವಿಯಲ್ಲಿ ಏಕೆ ಕೆಡುತ್ತದೆ?

ಪ್ರಶ್ನೆ: ಬೆಳಗಾವಿಯೊಳಗ ನಮ್ಮದು ಪರವಾನಗಿ ಇರೋ ಸಣ್ಣ ಮೈಕ್ರೋಬ್ರೂವರಿ ಅದ. ಮ್ಯಾಂಚೆಸ್ಟರ್‌ನ್ಯಾಗಿರೋ ತಮ್ಮ ತನ್ನ ಮನಿಯೊಳಗ ಮಾಡ್ತಿದ್ದ ಇಂಡಿಯಾ ಪೇಲ್ ಏಲ್ (ಐಪಿಎ ಅನ್ನೋ ಕಹಿ ಬಿಯರ್) ರೆಸಿಪಿ ಕೊಟ್ಟಾನ. ಅದನ್ನ 20 ಲೀಟರಿನ ಪ್ರಯೋಗ ಬ್ಯಾಚ್ ಮಾಡಿ ನೋಡೀವಿ. ಪೇಲ್ ಮಾಲ್ಟ್ (ಮೊಳಕಿ ಬರಿಸಿ ಒಣಗಿಸಿದ ಬಾರ್ಲಿ) 4.5 ಕೆ.ಜಿ., ಮ್ಯೂನಿಕ್ 500 ಗ್ರಾಂ, ಕ್ರಿಸ್ಟಲ್ 150 ಇಬಿಸಿ (ಬಣ್ಣದ ಅಳತಿ) 800 ಗ್ರಾಂ. 68 ಡಿಗ್ರಿಗೆ ಒಂದು ತಾಸು ಮ್ಯಾಶ್ (ಕಾಳನ್ನ ಬಿಸಿನೀರಾಗ ನೆನೆಸೋದು). ಕುದಿಯೋವಾಗ ಹಾಪ್ಸ್ (ಕಹಿ, ಸುವಾಸನಿ ಕೊಡೋ ಹೂವು): ಕೊಲಂಬಸ್ 30 ಗ್ರಾಂ 60 ನಿಮಿಷಕ್ಕ, ಕ್ಯಾಸ್ಕೇಡ್ 30 ಗ್ರಾಂ 20 ನಿಮಿಷಕ್ಕ, ಇನ್ನೊಂದು 30 ಗ್ರಾಂ 5 ನಿಮಿಷಕ್ಕ. ಡ್ರೈ ಹಾಪ್‌ಗೆ (ಕುದಿ ಮುಗಿದ ಮ್ಯಾಲೆ ಬಿಯರಿನ್ಯಾಗ ನೆನೆಯಾಕ ಹಾಕೋ ಹಾಪ್ಸ್) ಸಿಟ್ರಾ 50 ಗ್ರಾಂ, ಹತ್ತು ದಿನ. ಯುಎಸ್-05 ಯೀಸ್ಟ್ ಒಂದು ಪ್ಯಾಕೆಟ್, ಕೋಣಿಯೊಳಗ 27 ಡಿಗ್ರಿ. ನೀರು ಬೋರ್‌ದು. ಶುರುವಿನ ಸಾಂದ್ರತೆ 1.062, ಕಡೀಗೆ 1.019. ಬಾಟಲಿಗೆ ಲೀಟರಿಗೆ 8 ಗ್ರಾಂ ಸಕ್ಕರಿ. ಕುಡದ್ರ ಮೊದಲು ಸಿಹಿ, ಆಮ್ಯಾಲೆ ನಾಲಿಗಿ ಬಿಗಿಯೋ ಅಂಥ ಒಗರು. ಎರಡು ವಾರದಾಗ ಹಾಪ್ಸ್ ವಾಸನಿ ಹೋಗಿ ಬಣ್ಣ ಕಂದು ಆತು, ಹಸಿ ರಟ್ಟಿನ ವಾಸನಿ ಬಂತು. ಹಾಪ್ಸ್ ಇನ್ನೂ ಹೆಚ್ಚು ಹಾಕಬೇಕೇನು? ಸಕ್ಕರಿ ಬದಲಿ ಮಹಾಲಿಂಗಪುರದ ಬೆಲ್ಲ ಹಾಕಬಹುದೇನು?

ಉತ್ತರ: ಮೊದಲು ಕಾನೂನಿನ ವಿಷಯ. ನಿಮಗೆ ಪರವಾನಗಿ ಇದೆ, ಹಾಗಾಗಿ ಪ್ರಯೋಗ ಬ್ಯಾಚನ್ನೂ ಅದೇ ಆವರಣದಲ್ಲಿ, ಅದೇ ದಾಖಲೆ ಪುಸ್ತಕದಲ್ಲಿ ಬರೆದೇ ಮಾಡಿ. ಇದನ್ನು ಓದುತ್ತಿರುವ ಉಳಿದವರಿಗೆ: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು ಅಪರಾಧ. ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಅದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಹಾಪ್ಸ್ ಹೆಚ್ಚಿಸಬೇಡಿ, ಈಗಲೇ ಬೇಡ. ನಿಮ್ಮ ತಮ್ಮನ ರೆಸಿಪಿ ಕೆಟ್ಟದ್ದಲ್ಲ. ಅದು 17–18 ಡಿಗ್ರಿಯ ಕೋಣೆಗೆ, ಮ್ಯಾಂಚೆಸ್ಟರ್‌ನ ಮೆದು ನೀರಿಗೆ, ತಣ್ಣಗಿಟ್ಟ ತಾಜಾ ಹಾಪ್ಸ್‌ಗೆ ಹೊಂದಿಕೊಂಡು ಬೆಳೆದ ರೆಸಿಪಿ. ಬೆಳಗಾವಿಯಲ್ಲಿ ಈ ಮೂರೂ ಬದಲಾಗಿವೆ, ಕಾಗದದ ಮೇಲಿನ ಅಂಕಿಗಳು ಮಾತ್ರ ಹಾಗೇ ಉಳಿದಿವೆ. ಆದ್ದರಿಂದ ತಿದ್ದುವ ಕ್ರಮ ಹೀಗಿರಲಿ: ಮೊದಲು ಹುದುಗುವ ಉಷ್ಣಾಂಶ, ಆಮೇಲೆ ಆಮ್ಲಜನಕ, ಆಮೇಲೆ ನೀರು, ಕೊನೆಗೆ ಮಾಲ್ಟ್ ಮತ್ತು ಹಾಪ್ಸ್. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ವಾಸನೆ ಸಾಲದೆಂದು ಡ್ರೈ ಹಾಪ್ 50ರಿಂದ 150 ಗ್ರಾಂಗೆ ಏರಿಸುತ್ತಾರೆ. ಅಷ್ಟೂ ಎರಡೇ ವಾರದಲ್ಲಿ ಸುಟ್ಟುಹೋಗುತ್ತದೆ, ಒಗರು ಮಾತ್ರ ಮೂರು ಪಟ್ಟಾಗಿ ಉಳಿಯುತ್ತದೆ.

ಉಷ್ಣಾಂಶ

ಕೋಣೆಯಲ್ಲಿ 27 ಡಿಗ್ರಿ ಎಂದರೆ ಹುದುಗುವ ಪಾತ್ರೆಯೊಳಗೆ 27 ಅಲ್ಲ. ಹುದುಗುವಿಕೆಯೇ ಶಾಖ ಹುಟ್ಟಿಸುತ್ತದೆ. ರಭಸದ ಎರಡು ದಿನಗಳಲ್ಲಿ ಒಳಗಿನ ದ್ರವ ಕೋಣೆಗಿಂತ 3ರಿಂದ 5 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಅಂದರೆ ನಿಮ್ಮ ಯೀಸ್ಟ್ 30ರ ಮೇಲೆ ಕೆಲಸ ಮಾಡಿದೆ. ಯುಎಸ್-05 ಅಂಥ ಶಾಖದಲ್ಲಿ ಸಾಯುವುದಿಲ್ಲ, ಆದರೆ ಭಾರದ ಆಲ್ಕೋಹಾಲ್‌ಗಳನ್ನೂ ಎಸ್ಟರ್‌ಗಳನ್ನೂ ಹೆಚ್ಚು ಮಾಡುತ್ತದೆ. ಗಂಟಲಿನಲ್ಲಿ ಬಿಸಿ ಎನಿಸುವುದು, ಉಗುರುಬಣ್ಣದಂಥ ಸಣ್ಣ ವಾಸನೆ, ಮರುದಿನದ ತಲೆಭಾರ ಎಲ್ಲವೂ ಅಲ್ಲಿಂದಲೇ ಬರುತ್ತವೆ. ನೀವು ಅದನ್ನು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ. ಸಿಹಿ ಮತ್ತು ಒಗರಿನ ಕೆಳಗೆ ಮುಚ್ಚಿಹೋಗಿರಬಹುದು.

ಪರಿಹಾರ ದುಬಾರಿಯಲ್ಲ. ಹಳೆಯ ಒಂಟಿ ಬಾಗಿಲಿನ ಫ್ರಿಜ್, ಅದಕ್ಕೊಂದು ಡಿಜಿಟಲ್ ತಾಪ ನಿಯಂತ್ರಕ. ನಿಯಂತ್ರಕದ ತಂತಿಯ ತುದಿಯನ್ನು ಗಾಳಿಯಲ್ಲಿ ತೂಗುಬಿಡಬೇಡಿ. ಪಾತ್ರೆಯ ಹೊರಮೈಗೆ, ದ್ರವದ ಮಟ್ಟದ ಅರ್ಧದಲ್ಲಿ ಟೇಪಿನಿಂದ ಅಂಟಿಸಿ, ಮೇಲೆ ಒಂದು ದಪ್ಪ ಬಟ್ಟೆ ಅಥವಾ ಥರ್ಮಾಕೋಲ್ ತುಂಡು ಕಟ್ಟಿ. ಗಾಳಿಯ ತಾಪ ನೋಡಿ ನಡೆಯುವ ಫ್ರಿಜ್ ಒಳಗಿನ ಬಿಯರಿಗೆ ನಾಲ್ಕು ಡಿಗ್ರಿ ಸುಳ್ಳು ಹೇಳುತ್ತದೆ. 18ಕ್ಕೆ ಶುರು ಮಾಡಿ, ಮೂರು ದಿನ 18–19ರಲ್ಲಿ ಹಿಡಿದಿಡಿ. ಸಾಂದ್ರತೆ 1.022ರ ಹತ್ತಿರ ಬಂದಾಗ 21ಕ್ಕೆ ಏರಲು ಬಿಡಿ. ಆ ಕೊನೆಯ ಏರಿಕೆಯಲ್ಲಿ ಯೀಸ್ಟ್ ಉಳಿದ ಸಕ್ಕರೆ ತಿಂದು ಮುಗಿಸುತ್ತದೆ, ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲನ್ನೂ ಹೀರಿಕೊಳ್ಳುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಬೇಸಿಗೆಯಲ್ಲಿ ನಿಮ್ಮ ತೊಟ್ಟಿಯ ನೀರೇ 27–28 ಡಿಗ್ರಿ ಇರುವುದರಿಂದ ತಾಮ್ರದ ಸುರುಳಿ ಎಷ್ಟು ಹೊತ್ತು ಓಡಿಸಿದರೂ ವರ್ಟ್ (ಯೀಸ್ಟ್ ಹಾಕುವ ಮುನ್ನದ ಮಾಲ್ಟಿನ ರಸ) 30ರ ಕೆಳಗೆ ಇಳಿಯುವುದಿಲ್ಲ. ಬೇಸತ್ತು ಅದೇ ತಾಪಕ್ಕೆ ಯೀಸ್ಟ್ ಹಾಕುವವರೇ ಹೆಚ್ಚು. ಹಾಗೆ ಮಾಡಬೇಡಿ. 35ರವರೆಗೆ ನಲ್ಲಿ ನೀರಿನಿಂದ ಇಳಿಸಿ, ಅಲ್ಲಿಂದ ಮುಂದೆ ಬಕೆಟ್ಟಿನಲ್ಲಿ ಮಂಜುಗಡ್ಡೆ ನೀರು ತುಂಬಿ ಸಣ್ಣ ಪಂಪಿನಿಂದ ಸುರುಳಿಯಲ್ಲಿ ತಿರುಗಿಸಿ. ಅದೂ ಆಗದಿದ್ದರೆ ಶುದ್ಧಗೊಳಿಸಿದ ಪಾತ್ರೆಗೆ ತುಂಬಿ, ಮುಚ್ಚಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ 18ಕ್ಕೆ ಬಂದಾಗ ಯೀಸ್ಟ್ ಹಾಕಿ. ಸ್ವಚ್ಛತೆ ಸರಿಯಿದ್ದರೆ ಆ ಹತ್ತು ತಾಸಿನಲ್ಲಿ ಏನೂ ಕೆಡುವುದಿಲ್ಲ.

ಯೀಸ್ಟ್ ಪ್ರಮಾಣವೂ ಅಂಚಿನಲ್ಲಿದೆ. ತಯಾರಕರು 100 ಲೀಟರಿಗೆ 50ರಿಂದ 80 ಗ್ರಾಂ ಎನ್ನುತ್ತಾರೆ. 20 ಲೀಟರಿಗೆ ಅದು 10ರಿಂದ 16 ಗ್ರಾಂ. 11.5 ಗ್ರಾಂನ ಒಂದು ಪ್ಯಾಕೆಟ್, ಅದೂ ದಾರಿಯಲ್ಲಿ ಬಿಸಿಲು ತಿಂದು ಬಂದದ್ದು, 1.062ರ ವರ್ಟಿಗೆ ಸಾಲದು. ಒಂದೂವರೆ ಪ್ಯಾಕೆಟ್ ಹಾಕಿ.

ಆಮ್ಲಜನಕ

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಹಸಿ ರಟ್ಟಿನ ವಾಸನೆ ಮತ್ತು ಕಂದು ಬಣ್ಣ. ಇದಕ್ಕೂ ರೆಸಿಪಿಗೂ ಸಂಬಂಧ ಕಡಿಮೆ. ಹುದುಗುವಿಕೆ ಮುಗಿದ ಮೇಲೆ ಬಿಯರಿಗೆ ಗಾಳಿ ಸೋಕಿದೆ, ಆಮೇಲೆ ಬೆಚ್ಚಗಿನ ಕೋಣೆಯಲ್ಲಿ ಎರಡು ವಾರ ಕೂತಿದೆ. ಹಾಪ್ಸ್‌ನ ಸುಗಂಧ ತೈಲಗಳೂ ಪಾಲಿಫಿನಾಲ್‌ಗಳೂ ಆಮ್ಲಜನಕದೊಂದಿಗೆ ಬಹು ಬೇಗ ಸೇರುತ್ತವೆ. ಐಪಿಎಯಲ್ಲಿ ಇವೆರಡೂ ಹೇರಳವಾಗಿರುವುದರಿಂದ ಸಾಮಾನ್ಯ ಲಾಗರ್ ತಡೆದುಕೊಳ್ಳುವಷ್ಟು ಗಾಳಿಯನ್ನು ಅದು ತಡೆದುಕೊಳ್ಳುವುದಿಲ್ಲ. ಬೋರ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಈ ಕೆಲಸ ಇನ್ನೂ ಚುರುಕಾಗುತ್ತದೆ. ಬ್ರೂ ಮಾಡುವ ನೀರಿನಲ್ಲಿ ಕಬ್ಬಿಣ 0.1 ಪಿಪಿಎಂ ದಾಟಬಾರದು.

ಇದು ನಿಜವೇ ಎಂದು ಒಂದು ಪೈಸೆ ಖರ್ಚಿಲ್ಲದೆ ನೋಡಬಹುದು. ಮುಂದಿನ ಬ್ಯಾಚಿನ ಬಾಟಲಿಗಳಲ್ಲಿ ಗ್ಯಾಸ್ ತುಂಬಿದ ಮೇಲೆ ಎರಡನ್ನು 4 ಡಿಗ್ರಿಯ ಫ್ರಿಜ್‌ನಲ್ಲಿಡಿ, ಎರಡನ್ನು ಕೋಣೆಯಲ್ಲೇ ಬಿಡಿ. ಎರಡು ವಾರದ ನಂತರ ಪಕ್ಕಪಕ್ಕದಲ್ಲಿ ಗಾಜಿನ ಲೋಟಕ್ಕೆ ಸುರಿದು ಬಣ್ಣ ನೋಡಿ, ಮೂಸಿ. ಫ್ರಿಜ್‌ನದ್ದು ಚಿನ್ನದ ಬಣ್ಣದಲ್ಲಿದ್ದು ಕೋಣೆಯದ್ದು ಕಂದಾಗಿದ್ದರೆ ಬಾಟಲಿಯೊಳಗೆ ಗಾಳಿ ಹೋಗಿದೆ, ಶಾಖ ಅದರ ಕೆಲಸ ಮುಗಿಸಿದೆ.

ಗಾಳಿ ಒಳಹೋಗುವ ದಾರಿಗಳು ನಾಲ್ಕು. ಒಂದು, ಡ್ರೈ ಹಾಪ್‌ಗೆಂದು ಬಿಯರನ್ನು ಇನ್ನೊಂದು ಪಾತ್ರೆಗೆ ವರ್ಗಾಯಿಸುವುದು. ಅದನ್ನು ಬಿಟ್ಟೇಬಿಡಿ, ಮೊದಲ ಪಾತ್ರೆಯಲ್ಲೇ ಹಾಪ್ಸ್ ಹಾಕಿ. ಎರಡು, ಮುಚ್ಚಳ ತೆಗೆದಾಗ ಮೇಲಿನ ಖಾಲಿ ಜಾಗದ ಕಾರ್ಬನ್ ಡೈಆಕ್ಸೈಡ್ ಚದುರುವುದು. ಹಾಪ್ಸ್ ಹಾಕಿದ ಕೂಡಲೇ ಸಿಲಿಂಡರಿನಿಂದ ಅರ್ಧ ನಿಮಿಷ ಗ್ಯಾಸ್ ಹರಿಸಿ ಮುಚ್ಚಿ. ಮೂರನೆಯದು ಬಹಳ ಜನರ ಗಮನಕ್ಕೇ ಬರುವುದಿಲ್ಲ. ತಣ್ಣಗೆ ಮಾಡುವಾಗ ಪಾತ್ರೆಯೊಳಗಿನ ಅನಿಲ ಕುಗ್ಗುತ್ತದೆ, ಏರ್‌ಲಾಕ್‌ನ (ಒಳಗಿನ ಅನಿಲವನ್ನು ಹೊರಬಿಡುವ ಮುಚ್ಚಳದ ಕೊಳವೆ) ನೀರಿನ ಮೂಲಕ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. 21ರಿಂದ 2 ಡಿಗ್ರಿಗೆ ಇಳಿಸುವ ಮುನ್ನ ಏರ್‌ಲಾಕ್ ತೆಗೆದು, ಕಾರ್ಬನ್ ಡೈಆಕ್ಸೈಡ್ ತುಂಬಿದ ದಪ್ಪ ಬಲೂನನ್ನು ನಳಿಗೆಗೆ ಸಿಕ್ಕಿಸಿ. ನಾಲ್ಕನೆಯದು ಬಾಟಲಿ ತುಂಬುವುದು. ಬಕೆಟ್ಟಿಗೆ ಸುರಿದು, ಸಕ್ಕರೆ ಕಲಕಿ, ಅಲ್ಲಿಂದ ಬಾಟಲಿಗೆ ಬಿಟ್ಟರೆ ಎರಡು ಸಲ ಗಾಳಿ ಕುಡಿಸಿದಂತೆ.

ಬ್ರೂವರಿಯೆಂದ ಮೇಲೆ ನಿಮ್ಮಲ್ಲಿ ಕೆಗ್ (ಒತ್ತಡ ತಡೆಯುವ ಲೋಹದ ಪೀಪಾಯಿ) ಇದ್ದೇ ಇರುತ್ತದೆ. ಪ್ರಯೋಗಕ್ಕೂ 19 ಲೀಟರಿನ ಕೆಗ್ ಬಳಸಿ. ಅದನ್ನು ಕಂಠಪೂರ್ತಿ ಸ್ಯಾನಿಟೈಸರ್ ನೀರಿನಿಂದ ತುಂಬಿ, ಆ ನೀರನ್ನು ಗ್ಯಾಸ್ ಒತ್ತಡದಿಂದಲೇ ಹೊರದೂಡಿ. ಆಗ ಒಳಗೆ ಉಳಿಯುವುದು ಹೆಚ್ಚುಕಡಿಮೆ ಶುದ್ಧ ಕಾರ್ಬನ್ ಡೈಆಕ್ಸೈಡ್. ಖಾಲಿ ಕೆಗ್ಗಿಗೆ ನಾಲ್ಕಾರು ಸಲ ಗ್ಯಾಸ್ ಬಿಟ್ಟು ತೆಗೆಯುವುದಕ್ಕಿಂತ ಇದು ಎಷ್ಟೋ ಮೇಲು. ನಂತರ ಮುಚ್ಚಿದ ಕೊಳವೆಯಲ್ಲಿ, ಕೆಗ್ಗಿನ ತಳದಿಂದ ಬಿಯರ್ ತುಂಬಿಸಿ. 4 ಡಿಗ್ರಿಯಲ್ಲಿ 2.4 ವಾಲ್ಯೂಮ್ (ಬಿಯರಿನ ಗಾತ್ರದ 2.4 ಪಟ್ಟು) ಗ್ಯಾಸ್ ಬೇಕೆಂದರೆ ಪುಸ್ತಕದ ಕೋಷ್ಟಕ ಸುಮಾರು 0.75 ಬಾರ್ ಎನ್ನುತ್ತದೆ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ವಾಯುಭಾರ ಕಡಿಮೆ. ಆದ್ದರಿಂದ ಗೇಜ್‌ನಲ್ಲಿ 0.83ರ ಸುತ್ತ ಇಡಿ.

ಬಾಟಲಿಯೇ ಬೇಕೆಂದರೆ ಸಕ್ಕರೆಯನ್ನು ಒಂದೊಂದು ಬಾಟಲಿಗೇ ಅಳೆದು ಹಾಕಿ. 100 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಒಟ್ಟು 200 ಮಿ.ಲೀ. ಪಾಕ ಮಾಡಿಕೊಂಡು, ಸ್ವಚ್ಛ ಸಿರಿಂಜಿನಿಂದ 650 ಮಿ.ಲೀ. ಬಾಟಲಿಗೆ 7.5 ಮಿ.ಲೀ., 330 ಮಿ.ಲೀ. ಬಾಟಲಿಗೆ 3.8 ಮಿ.ಲೀ. ಬಿಡಿ. ಇದು ಲೀಟರಿಗೆ 5.8 ಗ್ರಾಂ ಆಗುತ್ತದೆ. ನಿಮ್ಮ 8 ಗ್ರಾಂ ಲೆಕ್ಕದಲ್ಲಿ 2.8 ವಾಲ್ಯೂಮ್ ಮುಟ್ಟುತ್ತದೆ. ಅದರ ಮೇಲೆ ಹುದುಗದೆ ಉಳಿದ ಸಕ್ಕರೆಯೂ ಸೇರಿದರೆ ಬಾಟಲಿ ಒಡೆಯುವ ಅಪಾಯವಿದೆ. ತುಂಬುವ ನಳಿಗೆ ಬಾಟಲಿಯ ತಳ ಮುಟ್ಟಬೇಕು, ನೊರೆ ಬಾಯಿಯವರೆಗೆ ಬಂದಾಗ ಅದರ ಮೇಲೆಯೇ ಮುಚ್ಚಳ ಒತ್ತಬೇಕು. ಕಂದು ಗಾಜು ಬಿಟ್ಟು ಬೇರೆ ಬಣ್ಣ ಬೇಡ. ಹಾಪ್ಸ್ ಹೆಚ್ಚಿರುವ ಬಿಯರ್ ಹಸಿರು ಬಾಟಲಿಯಲ್ಲಿ ಬಿಸಿಲು ಕಂಡರೆ ನಿಮಿಷಗಳಲ್ಲಿ ನಾರುತ್ತದೆ.

ನೀರು ಮತ್ತು ಆ ಒಗರು

ನಿಮ್ಮ ಹಾಪ್ಸ್‌ನ ಕಹಿಯನ್ನು ಲೆಕ್ಕ ಹಾಕಿದರೆ, ಕೊಲಂಬಸ್ 14 ಮತ್ತು ಕ್ಯಾಸ್ಕೇಡ್ 6 ಶೇಕಡಾ ಆಲ್ಫಾ ಆಮ್ಲದ್ದು (ಹಾಪ್ಸ್‌ನ ಕಹಿಯ ಮೂಲ) ಎಂದಿಟ್ಟುಕೊಂಡು, ಟಿನ್ಸೆತ್ ಸೂತ್ರದಲ್ಲಿ ಸುಮಾರು 58 ಐಬಿಯು (ಕಹಿಯ ಅಳತೆ) ಬರುತ್ತದೆ. ಅದು ಐಪಿಎಗೆ ಅತಿ ಅಲ್ಲ. ಹಾಗಿದ್ದೂ ನಾಲಿಗೆ ಬಿಗಿಯುತ್ತದೆ ಎಂದರೆ ತೊಂದರೆ ಕಹಿಯದ್ದಲ್ಲ, ಕಾಳಿನ ಸಿಪ್ಪೆಯಿಂದಲೂ ಹಾಪ್ಸ್ ಎಲೆಯಿಂದಲೂ ಇಳಿದ ಟ್ಯಾನಿನ್‌ನದ್ದು. ಟ್ಯಾನಿನ್ ಇಳಿಯಲು ಬೇಕಾದದ್ದು ಹೆಚ್ಚಿನ ಪಿಎಚ್ ಮತ್ತು ಹೆಚ್ಚಿನ ಶಾಖ. ಬೋರ್ ನೀರಿನಲ್ಲಿ ಮೊದಲನೆಯದು ತಾನಾಗಿಯೇ ಸಿಗುತ್ತದೆ.

ನಮ್ಮ ಭಾಗದ ಬೋರ್ ನೀರಿನಲ್ಲಿ ಬೈಕಾರ್ಬೋನೇಟ್ ಹೆಚ್ಚು. ಬಾಗಲಕೋಟೆ, ವಿಜಯಪುರದ ಕಡೆ ಹೋದರೆ ಇನ್ನೂ ಗಡಸು. ಬೈಕಾರ್ಬೋನೇಟ್ 300 ಪಿಪಿಎಂ ಇದ್ದರೆ ತಿಳಿ ಬಣ್ಣದ ಮಾಲ್ಟಿನ ಮ್ಯಾಶ್ 5.7ರ ಕೆಳಗೆ ಇಳಿಯಲು ಒಪ್ಪುವುದಿಲ್ಲ. ನಿಮಗೆ ಬೇಕಿರುವುದು ತಣಿಸಿ ಅಳೆದಾಗ 5.2ರಿಂದ 5.4. ರಾಕಸ್ಕೊಪ್ಪ ಅಥವಾ ಹಿಡಕಲ್ ಜಲಾಶಯದಿಂದ ಬರುವ ನಗರದ ನೀರು ಬೋರ್ ನೀರಿಗಿಂತ ಮೆದು, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಮಾಲ್ಟಿನ ಫಿನಾಲ್‌ಗಳ ಜೊತೆ ಸೇರಿದರೆ ಆಸ್ಪತ್ರೆಯ ಔಷಧಿಯಂಥ ವಾಸನೆ ಬರುತ್ತದೆ. ನಗರದ ನೀರು ಬಳಸುವುದಾದರೆ 32 ಲೀಟರಿಗೆ 0.3 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಕಲಕಿ ಹತ್ತು ನಿಮಿಷ ಬಿಡಿ. ಮಳೆಗಾಲಕ್ಕೂ ಬೇಸಿಗೆಗೂ ನಗರದ ನೀರು ಬದಲಾಗುತ್ತಿರುವುದರಿಂದ ರೆಸಿಪಿ ತಿದ್ದುವ ಹಂತದಲ್ಲಿ ನಾನು ಆರ್‌ಒ ನೀರನ್ನೇ ಸೂಚಿಸುತ್ತೇನೆ. ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ನೀರು ಬದಲಾದರೆ ಬೇರೆ ಯಾವ ಬದಲಾವಣೆ ಫಲ ಕೊಟ್ಟಿತೆಂದು ತಿಳಿಯುವುದಾದರೂ ಹೇಗೆ?

32 ಲೀಟರ್ ಆರ್‌ಒ ನೀರಿಗೆ ಜಿಪ್ಸಮ್ 9 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 3 ಗ್ರಾಂ, ಎಪ್ಸಮ್ ಲವಣ 2 ಗ್ರಾಂ. ಆಹಾರ ದರ್ಜೆಯದ್ದೇ ಆಗಿರಲಿ. ಗಿಡಕ್ಕೆ ಹಾಕುವ ಜಿಪ್ಸಮ್, ಎಪ್ಸಮ್ ತರಬೇಡಿ. ಇದರಿಂದ ಕ್ಯಾಲ್ಸಿಯಂ ಸುಮಾರು 90, ಸಲ್ಫೇಟ್ 180, ಕ್ಲೋರೈಡ್ 45 ಪಿಪಿಎಂ ಆಗುತ್ತದೆ. ಸಲ್ಫೇಟ್ ಹೆಚ್ಚಿದ್ದಾಗ ಕಹಿ ಚುರುಕಾಗಿ ಬಂದು ಬೇಗ ಮಾಯವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಐಪಿಎಯನ್ನು ಹಡಗು ತುಂಬಿ ಇಂಡಿಯಾಕ್ಕೆ ಕಳಿಸುತ್ತಿದ್ದ ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಸಲ್ಫೇಟ್ 600 ಪಿಪಿಎಂ ಮೀರಿತ್ತು. ಆದರೆ ಆ ಅಂಕಿಯ ಬೆನ್ನು ಹತ್ತಬೇಡಿ. ಇಂದಿನ ಸುಗಂಧದ ಹಾಪ್ಸ್‌ಗೆ 300 ದಾಟಿದರೆ ಖನಿಜದ ರುಚಿ ಎದ್ದು ನಿಲ್ಲುತ್ತದೆ.

ನೀರಿನಲ್ಲಿ ಅರ್ಧ, 16 ಲೀಟರ್, ಮ್ಯಾಶ್‌ಗೆ. ಕಾಳಿನ ತಾಪ 28 ಇದ್ದರೆ ನೀರು 71 ಡಿಗ್ರಿಯಲ್ಲಿ ಸೇರಿಸಿ, 65.5ಕ್ಕೆ ನಿಲ್ಲುತ್ತದೆ, ಪಾತ್ರೆ ತಣ್ಣಗಿದ್ದರೆ ಇನ್ನೊಂದು ಡಿಗ್ರಿ ಕೂಡಿಸಿ. ಹತ್ತು ನಿಮಿಷದ ನಂತರ ಒಂದು ಚಮಚ ತೆಗೆದು ತಣಿಸಿ ಪಿಎಚ್ ಅಳೆಯಿರಿ. 5.4ಕ್ಕಿಂತ ಹೆಚ್ಚಿದ್ದರೆ 88 ಶೇಕಡಾ ಲ್ಯಾಕ್ಟಿಕ್ ಆಮ್ಲವನ್ನು ಒಂದೊಂದೇ ಮಿ.ಲೀ. ಹಾಕಿ ಮತ್ತೆ ನೋಡಿ. ಸಾಮಾನ್ಯವಾಗಿ 2ರಿಂದ 4 ಮಿ.ಲೀ. ಸಾಕು. ಉಳಿದ 16 ಲೀಟರ್ ಸ್ಪಾರ್ಜ್ (ಮ್ಯಾಶ್ ಆದ ಕಾಳು ತೊಳೆಯುವ) ನೀರನ್ನೂ ಆಮ್ಲ ಹಾಕಿ 5.6ರ ಹತ್ತಿರ ತನ್ನಿ, 76 ಡಿಗ್ರಿ ಮೀರಿಸಬೇಡಿ. ಕಾಳಿನಿಂದ ಇಳಿಯುವ ರಸದ ಸಾಂದ್ರತೆ 1.010ಕ್ಕೆ ಬಂದ ಕೂಡಲೇ ನಿಲ್ಲಿಸಿ. ಕೊನೆಯ ಎರಡು ಲೀಟರಿನಲ್ಲಿ ಸಕ್ಕರೆ ಇರುವುದಿಲ್ಲ, ಒಗರು ಇರುತ್ತದೆ. ಪಾತ್ರೆ ತುಂಬದಿದ್ದರೆ ಬರೀ ನೀರು ಸೇರಿಸಿ.

ಮಾಲ್ಟ್

ಇಲ್ಲಿ ಸಿಹಿಯ ಕಾರಣ ಸರಳ. 1.062ರಿಂದ 1.019ಕ್ಕೆ ಎಂದರೆ 69 ಶೇಕಡಾ ಹುದುಗಿದೆ. ಯುಎಸ್-05 ಸಾಮಾನ್ಯವಾಗಿ 78–82 ಮುಟ್ಟುತ್ತದೆ. ಕ್ರಿಸ್ಟಲ್ ಮಾಲ್ಟ್ ನಿಮ್ಮ ಒಟ್ಟು ಕಾಳಿನ 14 ಶೇಕಡಾ ಇದೆ, ಜೊತೆಗೆ 68 ಡಿಗ್ರಿಯ ಮ್ಯಾಶ್. ಎರಡೂ ಯೀಸ್ಟ್ ತಿನ್ನಲಾರದ ಡೆಕ್ಸ್‌ಟ್ರಿನ್ ಕೊಡುತ್ತವೆ. ಕಡು ಕ್ರಿಸ್ಟಲ್‌ಗೆ ಇನ್ನೊಂದು ದೋಷವಿದೆ: ಹಳೆಯದಾದಂತೆ ಒಣದ್ರಾಕ್ಷಿಯ ರುಚಿಗೆ ತಿರುಗಿ ಸಿಟ್ರಸ್ ಹಾಪ್ಸನ್ನು ಮುಚ್ಚಿಬಿಡುತ್ತದೆ. ಬಿಸಿ ಊರಿನಲ್ಲಿ ಅದು ಬೇಗ ಆಗುತ್ತದೆ.

ಬದಲಿಗೆ ಪೇಲ್ ಮಾಲ್ಟ್ 4.8 ಕೆ.ಜಿ., ಮ್ಯೂನಿಕ್ 300 ಗ್ರಾಂ, 20–30 ಇಬಿಸಿಯ ತಿಳಿ ಕ್ಯಾರಾ ಮಾಲ್ಟ್ 150 ಗ್ರಾಂ, ಕುದಿಯ ಕೊನೆಯ ಹತ್ತು ನಿಮಿಷದಲ್ಲಿ ಸಾದಾ ಸಕ್ಕರೆ 250 ಗ್ರಾಂ. 72 ಶೇಕಡಾ ದಕ್ಷತೆಯಲ್ಲಿ ಶುರುವಿನ ಸಾಂದ್ರತೆ ಅದೇ 1.062 ಬರುತ್ತದೆ, ಅಂತ್ಯ 1.011–1.012ಕ್ಕೆ ಇಳಿಯುತ್ತದೆ, ಆಲ್ಕೋಹಾಲ್ ಸುಮಾರು 6.6 ಶೇಕಡಾ. ನಿಮ್ಮ ಬ್ಯಾಚ್ 5.6ರಲ್ಲೇ ನಿಂತಿತ್ತು, ಪ್ರಯೋಗದ ದಾಖಲೆಯಲ್ಲಿ ಈ ವ್ಯತ್ಯಾಸ ಬರೆದುಕೊಳ್ಳಿ. ಹೈಡ್ರೋಮೀಟರನ್ನೂ ಗಮನಿಸಿ: 20 ಡಿಗ್ರಿಗೆ ಹೊಂದಿಸಿದ ಉಪಕರಣ 30 ಡಿಗ್ರಿಯ ವರ್ಟಿನಲ್ಲಿ ಸುಮಾರು 0.0025 ಕಡಿಮೆ ತೋರಿಸುತ್ತದೆ.

ಅಂತ್ಯ ಸಾಂದ್ರತೆ ನಿಜವಾಗಿ ಎಲ್ಲಿಗೆ ನಿಲ್ಲಬೇಕು ಎಂದು ಮೊದಲೇ ತಿಳಿಯಲು ಬೆಳಗಾವಿಯ ಶಾಖವೇ ನೆರವಿಗೆ ಬರುತ್ತದೆ. ಬ್ರೂ ದಿನ 250 ಮಿ.ಲೀ. ವರ್ಟ್ ತೆಗೆದು, ಅದಕ್ಕೆ ಅರ್ಧ ಚಮಚ ಯೀಸ್ಟ್ ಹಾಕಿ, ಕೋಣೆಯ 28–30 ಡಿಗ್ರಿಯಲ್ಲಿ ಆಗಾಗ ಅಲ್ಲಾಡಿಸುತ್ತ ಮೂರು ದಿನ ಬಿಡಿ. ಅದು ನಿಲ್ಲುವ ಅಂಕಿಯೇ ಆ ವರ್ಟಿನ ಮಿತಿ. ದೊಡ್ಡ ಪಾತ್ರೆ ಅದಕ್ಕಿಂತ ಮೂರ್ನಾಲ್ಕು ಅಂಶ ಮೇಲೆ ನಿಂತರೆ ತಪ್ಪು ಯೀಸ್ಟಿನದ್ದು. ಎರಡೂ ಒಂದೇ ಕಡೆ ನಿಂತರೆ ಮ್ಯಾಶ್‌ನದ್ದು. ಆಗ ನಿಮ್ಮ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸಿ. ಬೆಳಗಾವಿಯಲ್ಲಿ ಅದು 97.5 ತೋರಿಸಿದರೆ ಸರಿ, 100 ತೋರಿಸಿದರೆ ಥರ್ಮಾಮೀಟರ್ ತಪ್ಪು.

ಹಾಪ್ಸ್

ಅದೇ 97.5 ಡಿಗ್ರಿ ಹಾಪ್ಸ್‌ನ ಕಹಿಯನ್ನೂ ತಟ್ಟುತ್ತದೆ. ಆಲ್ಫಾ ಆಮ್ಲ ಕಹಿಯಾಗಿ ಬದಲಾಗುವ ವೇಗ ಶಾಖದ ಮೇಲೆ ನಿಂತಿದೆ. 60 ನಿಮಿಷದ ಕುದಿಯಲ್ಲಿ ಇಲ್ಲಿ ಸಿಗುವ ಕಹಿ ಸಮುದ್ರ ಮಟ್ಟಕ್ಕಿಂತ ಸ್ವಲ್ಪ ಕಡಿಮೆ. ಸಣ್ಣ ವ್ಯತ್ಯಾಸ, ಒಂದೆರಡು ಗ್ರಾಂ ಹೆಚ್ಚಿಸಿದರೆ ಸರಿಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಹಾಪ್ಸ್ ನಿಮ್ಮ ಕೈ ಸೇರುವ ಮೊದಲೇ ಆಗಿರುತ್ತದೆ. ಬೇಸಿಗೆಯಲ್ಲಿ ಸಾಗಣೆಯ ಗೋದಾಮಿನಲ್ಲಿ ವಾರಗಟ್ಟಲೆ ಕೂತ ಪೊಟ್ಟಣದ ಮೇಲಿನ ಆಲ್ಫಾ ಅಂಕಿಯನ್ನು ನಂಬಬೇಡಿ. ಒಡೆದಾಗ ಸಿಪ್ಪೆಸಹಿತ ನಿಂಬೆ, ರಾಳ, ಹೂವಿನ ವಾಸನೆ ಬರಬೇಕು. ಹಳಸಿದ ಚೀಸ್ ಅಥವಾ ಬೆವರಿದ ಸಾಕ್ಸಿನ ವಾಸನೆ ಬಂದರೆ ಆಲ್ಫಾ ಆಮ್ಲ ಕೊಳೆತಿದೆ. ಅದನ್ನು ಯಾವ ಹಂತಕ್ಕೂ ಬಳಸಬೇಡಿ. ಗುಳಿಗೆ ರೂಪದ್ದನ್ನೇ, ಫಾಯಿಲ್ ಪೊಟ್ಟಣದಲ್ಲೇ, ಚಳಿಗಾಲದಲ್ಲೇ ತರಿಸಿಕೊಂಡು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಡಿ.

ಕಹಿಗೆ ಕೊಲಂಬಸ್ ಬದಲು ಮ್ಯಾಗ್ನಮ್ 24 ಗ್ರಾಂ, 60 ನಿಮಿಷಕ್ಕೆ. ಕೊಲಂಬಸ್‌ನ ಕೊಹ್ಯುಮುಲೋನ್ (ಒಂದು ಬಗೆಯ ಆಲ್ಫಾ ಆಮ್ಲ) ಹೆಚ್ಚಿರುವುದರಿಂದ ಕಹಿ ಒರಟು ಎಂಬ ಮಾತು ಪೂರ್ತಿ ಸಾಬೀತಾದದ್ದಲ್ಲ. ಆದರೂ ಮ್ಯಾಗ್ನಮ್ ಶುದ್ಧ ಕಹಿ ಕೊಟ್ಟು ಬೇರೇನೂ ಬಿಡುವುದಿಲ್ಲ, ತಿದ್ದುವ ಹಂತದಲ್ಲಿ ಅದೇ ಬೇಕು. 20 ನಿಮಿಷದ ಹಾಪ್ಸ್ ತೆಗೆದುಬಿಡಿ. ಆ ಹೊತ್ತಿಗೆ ಹಾಕಿದ್ದು ಕಹಿಗೂ ಪೂರ್ತಿ ಬರುವುದಿಲ್ಲ, ಅದರ ಸುಗಂಧ ಆವಿಯಲ್ಲಿ ಹೋಗುತ್ತದೆ. 10 ನಿಮಿಷಕ್ಕೆ ಕ್ಯಾಸ್ಕೇಡ್ 30 ಗ್ರಾಂ ಸಾಕು. ಮುಖ್ಯ ಹಾಪ್ಸ್ ಒಲೆ ಆರಿಸಿದ ಮೇಲೆ, ಸಾರು ಇಳಿಸಿ ಕೊತ್ತಂಬರಿ ಉದುರಿಸುವ ಹಾಗೆ. ವರ್ಟನ್ನು 80 ಡಿಗ್ರಿಗೆ ಇಳಿಸಿ, ಸಿಟ್ರಾ 40 ಗ್ರಾಂ ಮತ್ತು ಸೆಂಟೆನಿಯಲ್ 30 ಗ್ರಾಂ ಹಾಕಿ, ನಿಧಾನ ತಿರುವುತ್ತ 20 ನಿಮಿಷ ಬಿಟ್ಟು ನಂತರ ತಣಿಸಿ. 80ರಲ್ಲಿ ಕಹಿಯಾಗುವ ವೇಗ ಕುದಿಯ ಆರನೆಯ ಒಂದು ಭಾಗದಷ್ಟು ಮಾತ್ರ, ಆದರೆ ತೈಲಗಳು ಚೆನ್ನಾಗಿ ಬಿಡುತ್ತವೆ. ಎಲ್ಲ ಕೂಡಿ ಸುಮಾರು 50 ಐಬಿಯು. ಮೊದಲಿಗಿಂತ ಕಡಿಮೆ ಅಂಕಿ ಎಂದು ಅನುಮಾನಿಸಬೇಡಿ: 1.019ರ ಸಿಹಿಯ ಮೇಲೆ 58 ಮಂಕಾಗಿ ಕೇಳಿಸಿದರೆ, 1.011ರ ಒಣ ಬಿಯರಿನಲ್ಲಿ 50 ಸ್ಪಷ್ಟವಾಗಿ ನಿಲ್ಲುತ್ತದೆ.

ಡ್ರೈ ಹಾಪ್ 50 ಗ್ರಾಂ ಕಡಿಮೆಯೇ, ಆದರೆ ಹತ್ತು ದಿನ ವಿಪರೀತ. ಸುಗಂಧ ತೈಲ ಎರಡು ಮೂರು ದಿನದಲ್ಲಿ ಇಳಿದು ಮುಗಿಯುತ್ತದೆ. ಆಮೇಲೆ ಬರುವುದು ಹುಲ್ಲಿನ ವಾಸನೆ ಮತ್ತು ಟ್ಯಾನಿನ್. ನಿಮ್ಮ ಒಗರಿನ ಇನ್ನೊಂದು ಅರ್ಧ ಇಲ್ಲಿದೆ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಶೆಲ್‌ಹ್ಯಾಮರ್ ತಂಡ ಕ್ಯಾಸ್ಕೇಡ್ ಹಾಪ್ಸ್ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಸುಗಂಧ ಅದೇ ಅನುಪಾತದಲ್ಲಿ ಏರುವುದಿಲ್ಲ ಎಂದು ಕಂಡಿತು. ನಿಮಗೆ ಲೀಟರಿಗೆ 5 ಗ್ರಾಂ, ಅಂದರೆ ಸಿಟ್ರಾ 60 ಮತ್ತು ಸೆಂಟೆನಿಯಲ್ 40 ಗ್ರಾಂ ಸಾಕು. ಹುದುಗುವಿಕೆ ಮುಗಿದು ಎರಡು ದಿನ ಸಾಂದ್ರತೆ ಕದಲದಿದ್ದಾಗ, 18 ಡಿಗ್ರಿಯಲ್ಲಿ, ಮೂರು ದಿನ. ಬಟ್ಟೆಯ ಚೀಲದಲ್ಲಿ ಕಟ್ಟುವುದಾದರೆ ಚೀಲ ಕಾಲು ಭಾಗ ಮಾತ್ರ ತುಂಬಿರಲಿ. ಗುಳಿಗೆಗಳು ನೆನೆದು ಉಬ್ಬಿ ಒಳಗಿನವು ಒಣಗಿಯೇ ಉಳಿದುಬಿಡುತ್ತವೆ.

ಡ್ರೈ ಹಾಪ್ ಹಾಕಿದ ಮೇಲೆ ನಿಂತಿದ್ದ ಸಾಂದ್ರತೆ ಮತ್ತೆ ಇಳಿಯತೊಡಗಿದರೆ ಗಾಬರಿಯಾಗಬೇಡಿ. ಹಾಪ್ಸ್‌ನಲ್ಲೇ ಇರುವ ಕಿಣ್ವಗಳು ಡೆಕ್ಸ್‌ಟ್ರಿನ್ನನ್ನು ಒಡೆದು ಯೀಸ್ಟಿಗೆ ಹೊಸ ಸಕ್ಕರೆ ಕೊಡುತ್ತವೆ. ಬ್ರೌನ್ ಮತ್ತು ಮಾರಿಸ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ಇದನ್ನು 1893ರಲ್ಲೇ ಬರೆದಿದ್ದರು. ಅಪಾಯವಿರುವುದು ಇದು ಮುಗಿಯುವ ಮೊದಲೇ ಬಾಟಲಿ ತುಂಬುವುದರಲ್ಲಿ: ಗ್ಯಾಸ್ ಹೆಚ್ಚುತ್ತದೆ, ಬೆಣ್ಣೆ ವಾಸನೆ ಏಳುತ್ತದೆ. ಆದ್ದರಿಂದ ಮೂರನೆಯ ದಿನ ಸಾಂದ್ರತೆ ನೋಡಿ, ಜೊತೆಗೆ ಒಂದು ಪರೀಕ್ಷೆ. ಒಂದು ಲೋಟ ಬಿಯರನ್ನು ಮುಚ್ಚಿ 60 ಡಿಗ್ರಿಯ ನೀರಿನಲ್ಲಿ 20 ನಿಮಿಷ ಇಟ್ಟು ತಣಿಸಿ, ಬಿಸಿ ಮಾಡದ ಲೋಟದ ಜೊತೆ ಹೋಲಿಸಿ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆಯ ವಾಸನೆ ಎದ್ದರೆ ಇನ್ನೆರಡು ದಿನ ಬೆಚ್ಚಗೇ ಬಿಡಿ. ಇಲ್ಲದಿದ್ದರೆ ಬಲೂನು ಸಿಕ್ಕಿಸಿ 2 ಡಿಗ್ರಿಗೆ ಇಳಿಸಿ, ಎರಡು ದಿನಕ್ಕೆ ತಿಳಿಯಾಗುತ್ತದೆ, ಕೆಗ್ ತುಂಬಿ.

ಇಷ್ಟನ್ನೂ ಒಂದೇ ಬ್ಯಾಚಿನಲ್ಲಿ ಮಾಡಬೇಡಿ. ಮೊದಲ ಬ್ಯಾಚಿನಲ್ಲಿ ತಮ್ಮನ ರೆಸಿಪಿಯನ್ನು ಹಾಗೇ ಇಟ್ಟು ತಾಪ, ಯೀಸ್ಟ್ ಪ್ರಮಾಣ, ಕೆಗ್ ತುಂಬುವ ರೀತಿ, ಡ್ರೈ ಹಾಪ್ ದಿನಗಳನ್ನು ಮಾತ್ರ ಬದಲಿಸಿ. ಅರ್ಧಕ್ಕಿಂತ ಹೆಚ್ಚು ದೂರು ಅಲ್ಲೇ ಹೋಗುತ್ತದೆ. ಎರಡನೆಯದರಲ್ಲಿ ನೀರು, ಮೂರನೆಯದರಲ್ಲಿ ಮಾಲ್ಟ್ ಮತ್ತು ಕುದಿಯ ಹಾಪ್ಸ್. ಪ್ರತಿ ಸಲ ಹಿಂದಿನ ಬ್ಯಾಚಿನ ಒಂದು ಬಾಟಲಿ ಫ್ರಿಜ್‌ನಲ್ಲಿ ಉಳಿದಿರಲಿ, ನೆನಪಿನ ರುಚಿಯ ಮೇಲೆ ತೀರ್ಮಾನ ಬೇಡ. ಫ್ರಿಜ್ ಸಿಗುವವರೆಗೆ ಕಾಯಬೇಕೆಂದಿಲ್ಲ: ಡಿಸೆಂಬರ್, ಜನವರಿಯಲ್ಲಿ ಬೆಳಗಾವಿಯ ರಾತ್ರಿಗಳು 15ರ ಆಸುಪಾಸಿಗೆ ಇಳಿಯುತ್ತವೆ. ನೀರು ತುಂಬಿದ ದೊಡ್ಡ ಟಬ್ಬಿನಲ್ಲಿ ಪಾತ್ರೆ ಕೂರಿಸಿ, ಮಧ್ಯಾಹ್ನ ಒಂದೆರಡು ಹೆಪ್ಪುಗಟ್ಟಿದ ನೀರಿನ ಬಾಟಲಿ ಬಿಟ್ಟರೆ 19ರಲ್ಲಿ ನಿಲ್ಲಿಸಬಹುದು. ವಿಜಯಪುರದ ಏಪ್ರಿಲ್‌ನಲ್ಲಿ ಈ ಉಪಾಯ ನಡೆಯದು.

ಇನ್ನು ಬೆಲ್ಲ. ಸಕ್ಕರೆ ಹಾಕುವ ಉದ್ದೇಶವೇ ಏನೂ ರುಚಿ ಬಿಡದೆ ಪೂರ್ತಿ ಹುದುಗಿ ಬಿಯರನ್ನು ಒಣಗಿಸುವುದು. ಬೆಲ್ಲದಲ್ಲಿ ಸುಕ್ರೋಸ್ ಜೊತೆಗೆ ಖನಿಜಗಳು, ಬಣ್ಣ, ಕಾಕಂಬಿಯ ರುಚಿ ಇರುತ್ತವೆ. ಅವು ಹುದುಗುವುದಿಲ್ಲ, ಸಿಟ್ರಾದ ಮೇಲೆ ಕೂತುಬಿಡುತ್ತವೆ. ಹಳದಿ ಹೊಳಪು ಬರಲೆಂದು ರಾಸಾಯನಿಕ ಹಾಕಿ ತಿಳಿಗೊಳಿಸಿದ ಬೆಲ್ಲದಲ್ಲಿ ಗಂಧಕದ ಅಂಶ ಉಳಿದಿರುತ್ತದೆ, ಅದು ಕೊಳೆತ ಮೊಟ್ಟೆಯ ವಾಸನೆಗೆ ದಾರಿ. ಹಾಗಾಗಿ ಈ ಐಪಿಎಗೆ ಸಾದಾ ಬಿಳಿ ಸಕ್ಕರೆಯೇ ಇರಲಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ. ಮಹಾಲಿಂಗಪುರದ ಬೆಲ್ಲದ ರುಚಿ ನಿಮ್ಮ ಬ್ರೂವರಿಯ ಗುರುತಾಗಬೇಕೆಂಬ ಆಸೆ ಒಳ್ಳೆಯದೇ, ಅದಕ್ಕೆ ಬೇರೆ ಬಿಯರ್ ಮಾಡಿ. ಹಾಪ್ಸ್ 25–30 ಐಬಿಯುಗೆ ಇಳಿಸಿದ ಕಂದು ಏಲ್‌ಗೆ, ರಾಸಾಯನಿಕ ಹಾಕದ ಕಡು ಬಣ್ಣದ ಬೆಲ್ಲ 20 ಲೀಟರಿಗೆ 400 ಗ್ರಾಂ, ಒಲೆ ಆರಿಸುವ ಐದು ನಿಮಿಷ ಮೊದಲು. ಮೊದಲು ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಬೆಲ್ಲದ ಅಚ್ಚಿನಲ್ಲಿ ಮರಳು, ಕಬ್ಬಿನ ನಾರು ಇದ್ದೇ ಇರುತ್ತವೆ, ಪಂಪಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ.